ಕಿವಿಗೋ, ಸ್ಪೀಕರಿಗೋ, ಇಯರ್‌ಫೋನಿಗೋ? ಫೋನ್ ರೇಡಿಯೇಷನ್ ಕಡಿಮೆ ಮಾಡಲು ಯಾವುದನ್ನು ಆರಿಸಬೇಕು

ಹೋದ ಮಳೆಗಾಲದಲ್ಲಿ ತಂಗಿ ಎರಡು ಫೋನಿನ ಫೋಟೋ ಕಳಿಸಿದಳು. ಅಮ್ಮನಿಗೆ ಹೊಸದು ಕೊಡಿಸಬೇಕಿತ್ತು. "ಇದರ ಎಸ್‌ಎಆರ್ 0.7, ಅದರದ್ದು 1.1. ಕಡಿಮೆ ಇರೋದನ್ನೇ ತಗೊಳ್ಳೋಣ ಅಲ್ವಾ?" ಅಂತ ಕೇಳಿದಳು. ಎಸ್‌ಎಆರ್ ಅನ್ನುವುದು ಫೋನ್ ರೇಡಿಯೇಷನ್ನಿನ ಅಳತೆ, ವಿವರ ಮುಂದೆ ಇದೆ. ಅಮ್ಮ ಇರುವುದು ತೀರ್ಥಹಳ್ಳಿ ಕಡೆ, ತೋಟದ ತಗ್ಗಿನಲ್ಲಿ, ಮನೆಯ ಮೂರು ದಿಕ್ಕಿಗೂ ಗುಡ್ಡ. ಅಲ್ಲಿ ಒಂದು ಕಡ್ಡಿ ಸಿಗ್ನಲ್ ನಿಂತರೆ ಹೆಚ್ಚು. ಅಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದು ದೊಡ್ಡಮ್ಮನ ಜೊತೆ ಒಂದೊಂದು ಗಂಟೆ ಮಾತಾಡುತ್ತಾರೆ. ಆ ಒಂದು ಕಡ್ಡಿ, ಆ ಒಂದು ಗಂಟೆ, ಇವೆರಡರ ಮುಂದೆ 0.7ಕ್ಕೂ 1.1ಕ್ಕೂ ಇರುವ ವ್ಯತ್ಯಾಸ ತುಂಬಾ ಚಿಕ್ಕದು. ಯಾವ ಫೋನ್ ಅನ್ನುವುದಕ್ಕಿಂತ ಹೇಗೆ ಮಾತಾಡುತ್ತೀರಿ, ಎಲ್ಲಿ ನಿಂತು ಮಾತಾಡುತ್ತೀರಿ ಅನ್ನುವುದು ಮುಖ್ಯ. ಅದಕ್ಕೇ ಈ ಬರಹದಲ್ಲಿ ಫೋನುಗಳ ಹೋಲಿಕೆ ಕಡಿಮೆ, ಬಳಸುವ ರೀತಿಗಳ ಹೋಲಿಕೆ ಜಾಸ್ತಿ.

ಡಬ್ಬಿ ಮೇಲಿನ ನಂಬರ್: 0.7ಕ್ಕೂ 1.1ಕ್ಕೂ ಏನು ವ್ಯತ್ಯಾಸ?

ಎಸ್‌ಎಆರ್ ಅಂದರೆ ಫೋನ್ ಹೊರಡಿಸುವ ರೇಡಿಯೋ ತರಂಗದ ಶಕ್ತಿಯಲ್ಲಿ ನಮ್ಮ ಮೈ ಎಷ್ಟು ಹೀರಿಕೊಳ್ಳುತ್ತದೆ ಅನ್ನುವ ಅಳತೆ. ಕೆಜಿಗೆ ಇಷ್ಟು ವ್ಯಾಟ್ ಅಂತ ಲೆಕ್ಕ. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಇದರ ಮಿತಿ 1.6. ಒಂದು ಗ್ರಾಂ ಅಂಗಾಂಶದ ಸರಾಸರಿ ಮೇಲೆ ಈ ಲೆಕ್ಕ. ಅಮೆರಿಕದಲ್ಲೂ ಇದೇ ಮಿತಿ. ಅದಕ್ಕೂ ಮೊದಲು ನಮ್ಮಲ್ಲಿ ಯುರೋಪಿನ ಮಿತಿಯೇ ಇತ್ತು, ಹತ್ತು ಗ್ರಾಂ ಸರಾಸರಿ ಮೇಲೆ 2 ವ್ಯಾಟ್. ನಿಮ್ಮ ಫೋನಿನದು ಎಷ್ಟು ಅಂತ ನೋಡಬೇಕಾದರೆ *#07# ಅಂತ ಡಯಲ್ ಮಾಡಿ, ತೆರೆಯ ಮೇಲೆ ಬರುತ್ತದೆ. ಇದಕ್ಕೆ ದುಡ್ಡಿಲ್ಲ, ಸಿಮ್ ಕೂಡ ಬೇಕಿಲ್ಲ.

ಈ ನಂಬರನ್ನು ಹೇಗೆ ತೆಗೆಯುತ್ತಾರೆ ಗೊತ್ತಾದರೆ ಅದರ ಮೇಲಿನ ಅರ್ಧ ಭಯ ಹೋಗುತ್ತದೆ. ಲ್ಯಾಬಿನಲ್ಲಿ ಮನುಷ್ಯನ ತಲೆಯ ಆಕಾರದ ಒಂದು ಬುರುಡೆ ಇರುತ್ತದೆ. ಅದರೊಳಗೆ ನಮ್ಮ ಮೈಯಂತೆಯೇ ತರಂಗ ಹೀರುವ ದ್ರವ ತುಂಬಿರುತ್ತಾರೆ. ಫೋನನ್ನು ಅದರ ಪಕ್ಕ ಇಟ್ಟು, ಪೂರ್ತಿ ಶಕ್ತಿಯಲ್ಲಿ ಕೂಗಿಸಿ, ಎಲ್ಲಿ ಅತಿ ಹೆಚ್ಚು ಬಂತೋ ಆ ಅಂಕಿಯನ್ನು ಬರೆದುಕೊಳ್ಳುತ್ತಾರೆ. ಅಂದರೆ ಡಬ್ಬಿ ಮೇಲಿರುವುದು ಆ ಫೋನಿನ ಅತಿ ಕೆಟ್ಟ ಗಳಿಗೆಯ ಲೆಕ್ಕ. ನಿಜ ಬಳಕೆಯಲ್ಲಿ ಫೋನ್ ಹಾಗೆ ಇರುವುದಿಲ್ಲ. ಟವರ್ ಹತ್ತಿರ ಇದ್ದರೆ ಪಿಸುಮಾತಿನಲ್ಲಿ ಮಾತಾಡುತ್ತದೆ, ದೂರ ಇದ್ದರೆ ಕಿರುಚುತ್ತದೆ, ಕ್ಷಣಕ್ಷಣಕ್ಕೂ ತನ್ನ ದನಿಯನ್ನು, ಅಂದರೆ ತರಂಗದ ಶಕ್ತಿಯನ್ನು, ಏರಿಸಿ ಇಳಿಸಿ ಮಾಡುತ್ತಿರುತ್ತದೆ. ಹಾಗಾಗಿ ಶಿವಮೊಗ್ಗ ಪೇಟೆಯಲ್ಲಿ ನಾಲ್ಕು ಕಡ್ಡಿ ಸಿಗ್ನಲ್ಲಿನಲ್ಲಿರುವ 1.1ರ ಫೋನಿಗಿಂತ, ನಮ್ಮ ತೋಟದ ತಗ್ಗಿನಲ್ಲಿರುವ 0.7ರ ಫೋನ್ ಎಷ್ಟೋ ಪಟ್ಟು ಜಾಸ್ತಿ ಹೊರಡಿಸಬಹುದು.

ಜರ್ಮನಿಯಿಂದಲೋ ಇಂಗ್ಲೆಂಡಿನಿಂದಲೋ ಊರಿಗೆ ಬರುವವರು ಫೋನ್ ತರುತ್ತಾರೆ ಅಲ್ವಾ, ಅವರಿಗೆ ಒಂದು ಮಾತು. ಅಲ್ಲಿನ ಡಬ್ಬಿಯ ನಂಬರನ್ನೂ ಇಲ್ಲಿನ ನಂಬರನ್ನೂ ಪಕ್ಕಪಕ್ಕ ಇಟ್ಟು ನೋಡಬೇಡಿ. ಅಳೆಯುವ ಲೆಕ್ಕವೇ ಬೇರೆ. ಅದೇ ಮಾಡೆಲ್ ಎರಡು ಕಡೆ ಎರಡು ನಂಬರ್ ತೋರಿಸುತ್ತದೆ.

ಹಾಗಾದರೆ ನಂಬರ್ ನೋಡಲೇಬಾರದಾ? ನೋಡಿ. 1.6ರ ಒಳಗಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಗುರುತು ಪರಿಚಯ ಇಲ್ಲದ, ಬಿಲ್ ಇಲ್ಲದ, ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಸರಿಯಿಲ್ಲದ ಅಗ್ಗದ ಫೋನುಗಳಿಂದ ದೂರ ಇರಿ, ಅವುಗಳನ್ನು ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಅದಾದ ಮೇಲೆ ಬ್ಯಾಟರಿ, ಕ್ಯಾಮೆರಾ, ಬೆಲೆ ನೋಡಿ ಆರಿಸಿ. ತಂಗಿಗೆ ನಾನು 1.1 ಇದ್ದ ಫೋನನ್ನೇ ತಗೋ ಅಂದೆ, ಅದರಲ್ಲಿ ವೈಫೈ ಕಾಲಿಂಗ್ ಇತ್ತು. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಕ್ಯಾನ್ಸರ್ ಬರುತ್ತಾ?

ಎಲ್ಲರೂ ಒಳಗೊಳಗೆ ಕೇಳುವ ಪ್ರಶ್ನೆ ಇದೇ, ಆದ್ದರಿಂದ ನೇರವಾಗಿ ಹೇಳುತ್ತೇನೆ. ಫೋನ್ ಬಳಸಿದ್ದರಿಂದ ಮನುಷ್ಯರಿಗೆ ಕ್ಯಾನ್ಸರ್ ಬರುತ್ತದೆ ಅಂತ ಇವತ್ತಿನವರೆಗೆ ಸಾಬೀತಾಗಿಲ್ಲ. ಈ ತರಂಗಗಳು ಎಕ್ಸ್‌ರೇ ಥರ ಡಿಎನ್‌ಎ ಮುರಿಯುವ ಜಾತಿಯವಲ್ಲ. ಕಣ್ಣಿಗೆ ಕಾಣುವ ಬೆಳಕಿಗಿಂತಲೂ ತುಂಬಾ ಕಡಿಮೆ ಶಕ್ತಿಯವು. ಅವು ಮಾಡುವುದು ಅಂತ ಖಚಿತವಾಗಿ ಗೊತ್ತಿರುವುದು ಒಂದೇ, ಸ್ವಲ್ಪ ಬಿಸಿ ಮಾಡುವುದು. ಅರ್ಧ ಗಂಟೆ ಮಾತಾಡಿದಾಗ ಕಿವಿ ಬಿಸಿಯಾಗುವುದು ಕೂಡ ಹೆಚ್ಚಾಗಿ ಬ್ಯಾಟರಿಯ ಬಿಸಿಯಿಂದ, ಮತ್ತೆ ಫೋನ್ ಒತ್ತಿಕೊಂಡು ಗಾಳಿ ಆಡದೆ ಇರುವುದರಿಂದ.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಿಯೋ ತರಂಗಗಳನ್ನು 2ಬಿ ಗುಂಪಿಗೆ ಹಾಕಿತು. "ಕ್ಯಾನ್ಸರ್ ತರಬಹುದಾದ ಸಾಧ್ಯತೆ ಇದೆ, ಪುರಾವೆ ಸಾಲದು" ಅನ್ನುವ ಅರ್ಥದ ಗುಂಪು ಅದು. ಅದಕ್ಕೆ ಮುಖ್ಯ ಕಾರಣ 13 ದೇಶಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಇಂಟರ್‌ಫೋನ್ ಅಧ್ಯಯನ. ಅದರಲ್ಲಿ ಒಟ್ಟಾರೆ ಅಪಾಯ ಕಾಣಲಿಲ್ಲ. ಆದರೆ 1,640 ಗಂಟೆಗಿಂತ ಹೆಚ್ಚು ಮಾತಾಡಿದ್ದೇವೆ ಅಂದವರಲ್ಲಿ ಗ್ಲಿಯೋಮಾ ಅನ್ನುವ ಮೆದುಳಿನ ಗಡ್ಡೆ ಸ್ವಲ್ಪ ಜಾಸ್ತಿ ಕಂಡಿತು. ದಿನಕ್ಕೆ ಅರ್ಧ ಗಂಟೆಯಂತೆ ಒಂಬತ್ತು ವರ್ಷ ಮಾತಾಡಿದರೆ ಅಷ್ಟು ಗಂಟೆ ಆಗುತ್ತದೆ. ಆದರೆ ಎಷ್ಟು ಮಾತಾಡಿದೆವು ಅಂತ ಕಾಯಿಲೆ ಬಂದವರೇ ನೆನಪಿನಿಂದ ಹೇಳಿದ್ದು, ಅದರಲ್ಲಿ ತಪ್ಪಿರಬಹುದು ಅಂತ ಅಧ್ಯಯನ ಮಾಡಿದವರೇ ಬರೆದರು. ಆಮೇಲೆ 2018ರಲ್ಲಿ ಅಮೆರಿಕದ ಸರ್ಕಾರಿ ಅಧ್ಯಯನವೊಂದು ಇಲಿಗಳಿಗೆ ದಿನಕ್ಕೆ ಸುಮಾರು ಒಂಬತ್ತು ಗಂಟೆಯಂತೆ ಎರಡು ವರ್ಷ ಇಡೀ ಮೈಗೆ ಜೋರಾದ ತರಂಗ ಹಾಯಿಸಿತು. ಗಂಡು ಇಲಿಗಳ ಹೃದಯದಲ್ಲಿ ಗಡ್ಡೆಗಳು ಕಂಡವು, ಆದರೆ ಅದೇ ಇಲಿಗಳು ತರಂಗ ತಾಗದ ಇಲಿಗಳಿಗಿಂತ ಜಾಸ್ತಿ ದಿನ ಬದುಕಿದವು ಕೂಡ. ಇನ್ನು 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ದೊಡ್ಡ ಪರಿಶೀಲನೆ ಬಂತು. 63 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಫೋನ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ ಅಂತ ಅದು ಹೇಳಿತು, ಹತ್ತು ವರ್ಷಕ್ಕಿಂತ ಹೆಚ್ಚು ಬಳಸಿದವರಲ್ಲೂ.

ಇದನ್ನೆಲ್ಲ ಓದಿದ ಮೇಲೆ ನನಗೆ ಭಯ ಇಲ್ಲ. ಆದರೂ ಕಡಿಮೆ ಮಾಡುವ ದಾರಿ ಖರ್ಚಿಲ್ಲದೆ ಸಿಗುವಾಗ ಯಾಕೆ ಬಿಡಬೇಕು? ಅದರಲ್ಲೂ ಮಕ್ಕಳಿಗೆ, ಮುಂದೆ ಅರವತ್ತು ಎಪ್ಪತ್ತು ವರ್ಷ ಫೋನ್ ಹಿಡಿಯುವವರಿಗೆ.

ಕಿವಿಗೆ ಇಟ್ಟು, ಸ್ಪೀಕರ್, ವೈರ್ ಇಯರ್‌ಫೋನ್, ಬ್ಲೂಟೂತ್

ಇಲ್ಲಿ ಕೆಲಸ ಮಾಡುವುದು ದೂರ. ತರಂಗದ ಮೂಲದಿಂದ ದೂರ ಎರಡರಷ್ಟಾದರೆ ಬೀಳುವ ಶಕ್ತಿ ಹೆಚ್ಚು ಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಕಿವಿಗೆ ತಾಗುವಷ್ಟು ಹತ್ತಿರದಲ್ಲಿ ಲೆಕ್ಕ ಇಷ್ಟು ಸರಳ ಅಲ್ಲ, ಆದರೆ ದಿಕ್ಕು ಅದೇ. ಕಿವಿಗೆ ಅಂಟಿಸಿದ ಫೋನನ್ನು ಒಂದು ಗೇಣು ದೂರಕ್ಕೆ ತಂದರೆ ತಲೆಗೆ ಬರುವುದು ಬಹಳ ಚಿಕ್ಕದಾಗುತ್ತದೆ.

ಸ್ಪೀಕರ್ ನನ್ನ ಮೊದಲ ಆಯ್ಕೆ, ಮನೆಯಲ್ಲಿ ಇರುವಾಗ. ಖರ್ಚಿಲ್ಲ, ಬೇರೆ ಏನನ್ನೂ ಚಾರ್ಜ್ ಮಾಡಬೇಕಿಲ್ಲ, ವಯಸ್ಸಾದವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಅಮ್ಮನ ಫೋನ್ ಈಗ ಕಿಟಕಿ ಪಕ್ಕದ ಸ್ಟೂಲ್ ಮೇಲೆ ಇರುತ್ತದೆ, ಅಲ್ಲಿ ಎರಡು ಕಡ್ಡಿ ಬರುತ್ತದೆ. ಅಮ್ಮ ಪಕ್ಕದಲ್ಲಿ ಕೂತು ಬೀನ್ಸ್ ಸೋಸುತ್ತಾ ಮಾತಾಡುತ್ತಾರೆ. ತೊಂದರೆ ಏನೆಂದರೆ ಮನೆ ತುಂಬಾ ಜನ ಇದ್ದಾಗ ಎಲ್ಲರಿಗೂ ಕೇಳುತ್ತದೆ, ಬಸ್ಸಿನಲ್ಲಿ ಅಕ್ಕಪಕ್ಕದವರಿಗೆ ಕಿರಿಕಿರಿ.

ಹೊರಗಡೆ ಇರುವಾಗ ವೈರ್ ಇಯರ್‌ಫೋನ್. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಆದರೆ ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ವೈರ್ ಕಿವಿಗೆ ಹಾಕಿಕೊಂಡು ಫೋನನ್ನು ಅಂಗಿಯ ಎದೆ ಜೇಬಿಗೋ ಪ್ಯಾಂಟಿನ ಜೇಬಿಗೋ ಇಳಿಸುತ್ತಾರೆ. ಆಗ ತಲೆಗೆ ಬರುವುದು ಎದೆಗೋ ಸೊಂಟಕ್ಕೋ ಹೋಯಿತು, ಅಷ್ಟೇ. ಫೋನನ್ನು ಕೈಯಲ್ಲಿ ಮುಂದೆ ಹಿಡಿಯಿರಿ, ಚೀಲದಲ್ಲಿ ಇಡಿ, ಮೇಜಿನ ಮೇಲೆ ಇಡಿ.

ಬ್ಲೂಟೂತ್ ಬಗ್ಗೆ ಜನರಿಗೆ ಇರುವ ಅಂಜಿಕೆ ನನಗೆ ಅರ್ಥವಾಗುತ್ತದೆ. ಕಿವಿಯ ಒಳಗೇ ತರಂಗದ ಯಂತ್ರ ಇಟ್ಟಂತೆ ಅನಿಸುತ್ತದೆ. ಆದರೆ ಅಂಕಿ ನೋಡಿ. 4ಜಿ ಫೋನ್ ಗರಿಷ್ಠ ಶಕ್ತಿಯಲ್ಲಿ ಸುಮಾರು 200 ಮಿಲಿವ್ಯಾಟ್ ಹೊರಡಿಸುತ್ತದೆ. ಸಾಮಾನ್ಯ ಬ್ಲೂಟೂತ್ ಇಯರ್‌ಫೋನಿನದು ಕೆಲವೇ ಮಿಲಿವ್ಯಾಟ್. ಸಿಗ್ನಲ್ ಕಡಿಮೆ ಇರುವ ಊರಿನಲ್ಲಿ ಕಿವಿಗೆ ಫೋನ್ ಇಡುವುದಕ್ಕಿಂತ ಬ್ಲೂಟೂತ್ ಹಾಕಿ ಫೋನನ್ನು ದೂರ ಇಡುವುದು ಖಂಡಿತ ವಾಸಿ. ಸಿಗ್ನಲ್ ಚೆನ್ನಾಗಿರುವ ಬೆಂಗಳೂರಿನ ಆಫೀಸಿನಲ್ಲಿ ಕೂತವರಿಗೆ ಇದರಿಂದ ಹೆಚ್ಚು ಲಾಭ ಇಲ್ಲ, ಯಾಕೆಂದರೆ ಅಲ್ಲಿ ಫೋನೇ ಪಿಸುಗುಟ್ಟುತ್ತಿರುತ್ತದೆ. ವೈರಿಗೂ ಬ್ಲೂಟೂತಿಗೂ ಆರಿಸು ಅಂದರೆ ನಾನು ವೈರ್ ಅನ್ನುತ್ತೇನೆ. ಕಾರಣ ರೇಡಿಯೇಷನ್ ಅಲ್ಲ. ಬೆಲೆ ಕಡಿಮೆ, ಚಾರ್ಜ್ ಮುಗಿಯಿತು ಅನ್ನುವ ಮಾತಿಲ್ಲ.

ಎರಡಕ್ಕೂ ಸೇರಿ ಒಂದು ಎಚ್ಚರಿಕೆ. ಇಯರ್‌ಫೋನಿನಿಂದ ಕಿವಿಗೆ ನಿಜವಾಗಿ ಹಾನಿ ಮಾಡುವುದು ಸದ್ದು. ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್ ಒಳಗೆ, ಮಕ್ಕಳಿಗೆ 75ರ ಒಳಗೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಈ ಹಾನಿಗೆ ಪುರಾವೆ ಹುಡುಕಬೇಕಿಲ್ಲ, ಹೋದ ಕಿವಿ ಮತ್ತೆ ಬರುವುದಿಲ್ಲ.

ಕೀಪ್ಯಾಡ್ ಫೋನ್ ಒಳ್ಳೆಯದಾ?

"ಅಪ್ಪನಿಗೆ ಸ್ಮಾರ್ಟ್‌ಫೋನ್ ಬೇಡ, ರೇಡಿಯೇಷನ್ ಜಾಸ್ತಿ, ಚಿಕ್ಕ ಬಟನ್ ಫೋನ್ ಸಾಕು" ಅನ್ನುವ ಮಾತು ಬಹಳ ಸಲ ಕೇಳಿದ್ದೇನೆ. ಮಾತಾಡುವ ಹೊತ್ತಿನಲ್ಲಿ ಇದು ಬಹುಪಾಲು ಉಲ್ಟಾ. ಹಳೆಯ ಬಟನ್ ಫೋನುಗಳು 2ಜಿ. 900 ಮೆಗಾಹರ್ಟ್ಸ್ 2ಜಿ ಫೋನ್ ಜೋರಾಗಿ ಕೂಗುವಾಗ 2 ವ್ಯಾಟ್ ಬಿಡುತ್ತದೆ. ಎಂಟು ಸರದಿಯಲ್ಲಿ ಒಂದು ಸರದಿ ಮಾತ್ರ ಬಿಡುವುದರಿಂದ ಸರಾಸರಿ ಕಾಲು ವ್ಯಾಟ್. ಇಷ್ಟೇ ಆದರೆ 4ಜಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ ಅನಿಸಬಹುದು. ವ್ಯತ್ಯಾಸ ಬರುವುದು ದನಿ ತಗ್ಗಿಸುವುದರಲ್ಲಿ. ಸಿಗ್ನಲ್ ಚೆನ್ನಾಗಿದ್ದಾಗ 3ಜಿ, 4ಜಿ ಫೋನುಗಳು ತಮ್ಮ ಶಕ್ತಿಯನ್ನು ತೀರಾ ಕೆಳಗೆ ಇಳಿಸುತ್ತವೆ. 3ಜಿ ಫೋನಿನ ಸರಾಸರಿ 2ಜಿಯ ನೂರನೇ ಒಂದು ಭಾಗಕ್ಕೆ ಬಂದದ್ದೂ ಇದೆ. 2ಜಿ ಅಷ್ಟು ಇಳಿಯುವುದಿಲ್ಲ.

ಹಾಗಾಗಿ ಬಟನ್ ಫೋನೇ ಬೇಕು ಅಂದರೆ 4ಜಿ ಇರುವ ಬಟನ್ ಫೋನ್ ತಗೊಳ್ಳಿ, ಈಗ ಅಗ್ಗಕ್ಕೆ ಸಿಗುತ್ತವೆ. ಸ್ಮಾರ್ಟ್‌ಫೋನ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ವೋಲ್ಟ್‌ಇ (VoLTE, 4ಜಿಯಲ್ಲೇ ಮಾತಾಡುವ ವ್ಯವಸ್ಥೆ) ಆನ್ ಇದೆಯಾ ನೋಡಿ. ಅದು ಆಫ್ ಇದ್ದರೆ ಕರೆ ಬಂದ ತಕ್ಷಣ ಫೋನ್ ಹಳೆಯ ನೆಟ್‌ವರ್ಕಿಗೆ ಇಳಿಯುತ್ತದೆ. 5ಜಿ ಬಂದ ಮೇಲೆ ಹೆದರಿಕೆ ಜಾಸ್ತಿಯಾಯಿತು, ಆದರೆ ನಮ್ಮ ದೇಶದಲ್ಲಿ 2022ರ ಅಕ್ಟೋಬರ್ 1ರಂದು ಶುರುವಾದ ಈ ಸೇವೆಗೂ ಅದೇ 1.6ರ ಮಿತಿ ಅನ್ವಯ.

ಈಗ ವೈಫೈ ಕಾಲಿಂಗ್. ಏರ್‌ಟೆಲ್ ಇದನ್ನು 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಶುರು ಮಾಡಿದವು. ಮನೆಗೆ ಫೈಬರ್ ಬಂದಿದ್ದರೆ ಫೋನ್ ಗುಡ್ಡದಾಚೆಯ ಟವರಿಗೆ ಕಿರುಚುವ ಬದಲು ಪಡಸಾಲೆಯ ರೌಟರ್ ಜೊತೆ ಮಾತಾಡುತ್ತದೆ. ಅದೂ ಮಾಮೂಲಿ ನಂಬರಿನಲ್ಲೇ, ಬೇರೆ ಆ್ಯಪ್ ಬೇಡ. ಮಲೆನಾಡಿನ ಮನೆಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಅಮ್ಮನ ಕರೆ ಈಗ ನಡುವೆ ಕಡಿದು ಹೋಗುವುದಿಲ್ಲ, ಬ್ಯಾಟರಿ ಎರಡು ದಿನ ಬರುತ್ತದೆ. ಬ್ಯಾಟರಿ ಜಾಸ್ತಿ ಹೊತ್ತು ಬಂತು ಅಂದರೆ ಫೋನ್ ಕಡಿಮೆ ಕೂಗುತ್ತಿದೆ ಅನ್ನುವುದಕ್ಕೆ ಅದೂ ಒಂದು ಗುರುತು.

ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆ ರೈಲಿನಲ್ಲಿ ಹೋಗಿದ್ದೀರಾ? 57 ಸುರಂಗ. ಸುತ್ತ ಕಬ್ಬಿಣದ ಡಬ್ಬಿ, ಹೊರಗೆ ಕಾಡು. ಸಿಗ್ನಲ್ ಬರುತ್ತದೆ ಹೋಗುತ್ತದೆ. ಅಂಥ ಕಡೆ "ಹಲೋ, ಕೇಳ್ತಾ ಇದೆಯಾ" ಅಂತ ಫೋನನ್ನು ಕಿವಿಗೆ ಒತ್ತಬೇಡಿ, ಫೋನ್ ಪೂರ್ತಿ ಶಕ್ತಿಯಲ್ಲಿ ಇರುವ ಹೊತ್ತು ಅದೇ. ಸುಮ್ನೆ ಏರೋಪ್ಲೇನ್ ಮೋಡಿಗೆ ಹಾಕಿ ಕಿಟಕಿ ನೋಡಿ. ಲಿಫ್ಟಿಗೂ ಇದೇ ಮಾತು.

ಟವರ್ ಹತ್ತಿರ ಇರುವುದು ಒಳ್ಳೆಯದೋ, ದೂರ ಇರುವುದೋ?

ಟವರ್ ಬೇಡ ಅಂತ ಹೋರಾಡಿದ ಬೀದಿಯವರೇ ಆಮೇಲೆ ಸಿಗ್ನಲ್ ಇಲ್ಲ ಅಂತ ದೂರುವುದನ್ನು ನೋಡಿದ್ದೇನೆ. ಅವರ ಆತಂಕ ಸುಳ್ಳಲ್ಲ, ಮನೆ ಎದುರಿಗೆ ಅಷ್ಟು ದೊಡ್ಡ ಕಂಬ ಎದ್ದರೆ ಯಾರಿಗಾದರೂ ಅಳುಕಾಗುತ್ತದೆ. ಆದರೆ ಟವರಿನ ಆಂಟೆನಾ ಹತ್ತಾರು ಮೀಟರ್ ದೂರದಲ್ಲಿರುತ್ತದೆ. ಫೋನ್ ಕಿವಿಗೇ ತಾಗಿರುತ್ತದೆ. ದಿನವೂ ಮಾತಾಡುವ ಒಬ್ಬರ ತಲೆಗೆ ಬೀಳುವುದರಲ್ಲಿ ಹೆಚ್ಚಿನ ಪಾಲು ಅವರ ಕೈಯಲ್ಲಿರುವ ಫೋನಿನದೇ. ಟವರ್ ದೂರ ಹೋದಷ್ಟೂ ಆ ಫೋನ್ ಇನ್ನೂ ಜೋರಾಗುತ್ತದೆ.

ಆಂಟೆನಾದ ತರಂಗ ಟಾರ್ಚಿನ ಬೆಳಕಿನಂತೆ ಮುಂದಕ್ಕೆ ಹೋಗುತ್ತದೆ. ಕಂಬದ ಬುಡದಲ್ಲಿ ಕಡಿಮೆ. ನೋಡಬೇಕಾದದ್ದು ಆಂಟೆನಾದ ನೇರ ಎದುರಿಗೆ, ಅದೇ ಎತ್ತರದಲ್ಲಿ, ತೀರಾ ಹತ್ತಿರ ಕಿಟಕಿಯೋ ತಾರಸಿಯೋ ಇದೆಯಾ ಅನ್ನುವುದನ್ನು. ಟವರುಗಳಿಗೆ 2012ರಿಂದ ಭಾರತದ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ. 900 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 0.45 ವ್ಯಾಟ್. ನಿಮ್ಮ ಬೀದಿಯ ಟವರ್ ಬಗ್ಗೆ ಅನುಮಾನ ಇದ್ದರೆ ಜಗಳಕ್ಕಿಂತ ಅಳತೆ ಒಳ್ಳೆಯದು. ದೂರಸಂಪರ್ಕ ಇಲಾಖೆ 2017ರಲ್ಲಿ ತೆರೆದ ತರಂಗ್ ಸಂಚಾರ್ ಜಾಲತಾಣದಲ್ಲಿ ಆ ಟವರಿನ ವಿವರ ನೋಡಬಹುದು, 4,000 ರೂಪಾಯಿ ಕಟ್ಟಿದರೆ ಬಂದು ಅಳೆದು ಕೊಡುವ ವ್ಯವಸ್ಥೆಯನ್ನೂ ಅದರಲ್ಲಿ ಮಾಡಿದರು. ನಾಲ್ಕು ಮನೆಯವರು ಸೇರಿದರೆ ತಲಾ ಸಾವಿರ.

ಜೇಬು, ದಿಂಬು, ಮೇಜು

2023ರ ಸೆಪ್ಟೆಂಬರಿನಲ್ಲಿ ಫ್ರಾನ್ಸ್ ಐಫೋನ್ 12ರ ಮಾರಾಟ ನಿಲ್ಲಿಸಿತು. ತಲೆ ಮತ್ತು ಮೈಯ ಪರೀಕ್ಷೆಯಲ್ಲಿ ಅದು ಪಾಸಾಗಿತ್ತು. ಕೈಗೆ ಅಥವಾ ಕಾಲಿಗೆ ಪೂರ್ತಿ ತಾಗಿಸಿ ಅಳೆದಾಗ ಎಸ್‌ಎಆರ್ 5.74 ಬಂತು, ಕೈಕಾಲಿಗೆ ಅಲ್ಲಿನ ಮಿತಿ 4. ಕಂಪನಿ ಸಾಫ್ಟ್‌ವೇರ್ ಅಪ್‌ಡೇಟ್ ಕೊಟ್ಟು ಸರಿಮಾಡಿತು. ನನಗೆ ಇದರಲ್ಲಿ ಮುಖ್ಯ ಅನಿಸಿದ್ದು ಅಂತರ. ಕೆಲವು ಮಿಲಿಮೀಟರ್ ಅಂತರ ಇಟ್ಟು ಅಳೆದರೆ ಒಂದು, ತಾಗಿಸಿ ಅಳೆದರೆ ಇನ್ನೊಂದು. ನಿಮ್ಮ ಫೋನಿನ ಕೈಪಿಡಿಯಲ್ಲೂ ಮೈಯಿಂದ 5ರಿಂದ 15 ಮಿಲಿಮೀಟರ್ ದೂರ ಇಡಿ ಅಂತ ಎಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಸುಮ್ಮನೆ ಇರುವ ಫೋನ್ ಜೇಬಿನಲ್ಲಿದ್ದರೆ ಚಿಂತೆ ಬೇಡ, ಅದು ಆಗೊಮ್ಮೆ ಈಗೊಮ್ಮೆ ಮಾತ್ರ ಟವರಿಗೆ "ಇಲ್ಲಿದ್ದೇನೆ" ಅನ್ನುತ್ತದೆ. ಹಾಟ್‌ಸ್ಪಾಟ್ ಆನ್ ಮಾಡಿದಾಗ, ದೊಡ್ಡ ವಿಡಿಯೋ ಅಪ್‌ಲೋಡ್ ಆಗುತ್ತಿರುವಾಗ ಮಾತ್ರ ಜೇಬಿನಿಂದ ತೆಗೆದು ಮೇಜಿನ ಮೇಲೆ ಇಡಿ. ರಾತ್ರಿ ದಿಂಬಿನ ಕೆಳಗೆ ಇಡಲೇಬೇಡಿ, ಮುಖ್ಯವಾಗಿ ಚಾರ್ಜಿಗೆ ಹಾಕಿದ್ದಾಗ. ಅಲ್ಲಿ ತರಂಗಕ್ಕಿಂತ ಬ್ಯಾಟರಿ ಬಿಸಿಯ ಅಪಾಯ ದೊಡ್ಡದು. ಏರೋಪ್ಲೇನ್ ಮೋಡ್ ಒಳ್ಳೆಯದು, ಆದರೆ ಊರಲ್ಲಿ ವಯಸ್ಸಾದವರು ಒಬ್ಬರೇ ಇದ್ದರೆ ಹಾಗೆ ಮಾಡಬೇಡಿ, ರಾತ್ರಿ ಅವರ ಕರೆ ಬರಬಹುದು. ಒಂದು ಮೀಟರ್ ದೂರದ ಮೇಜು ಸಾಕು.

ಮಕ್ಕಳ ಕೈಗೆ ಕೊಡುವುದಾದರೆ ವಿಡಿಯೋ ಮೊದಲೇ ಇಳಿಸಿಕೊಂಡು ಏರೋಪ್ಲೇನ್ ಮೋಡಿನಲ್ಲಿ ಕೊಡಿ. ಅಜ್ಜಿ ಜೊತೆ ಮಾತಾಡಲು ಸ್ಪೀಕರ್. 14 ದೇಶಗಳಲ್ಲಿ 10ರಿಂದ 24 ವರ್ಷದವರ ಮೇಲೆ ನಡೆದ ಮೊಬಿ-ಕಿಡ್ಸ್ ಅಧ್ಯಯನದಲ್ಲಿ ಅಪಾಯ ಕಂಡಿಲ್ಲ, ಆದರೂ ಮಕ್ಕಳ ತಲೆಬುರುಡೆ ತೆಳು, ಕೆಲವು ಭಾಗ ಜಾಸ್ತಿ ಹೀರುತ್ತದೆ. ಪೇಸ್‌ಮೇಕರ್ ಇರುವವರು ಫೋನನ್ನು ಅದರಿಂದ 15 ಸೆಂಟಿಮೀಟರ್ ದೂರ ಇಡಬೇಕು. ಎದೆ ಜೇಬು ಬೇಡ, ಯಂತ್ರ ಇಲ್ಲದ ಕಡೆಯ ಕಿವಿಗೆ ಹಿಡಿಯಬೇಕು. ಹಿಂಭಾಗದಲ್ಲಿ ಮ್ಯಾಗ್ನೆಟ್ ಇರುವ ಫೋನುಗಳಿಗೆ ಇದು ಇನ್ನೂ ಮುಖ್ಯ.

ರೇಡಿಯೇಷನ್ ತಡೆಯುವ ಸ್ಟಿಕ್ಕರ್

ಬೇಡ. ನಮ್ಮ ಚಿಕ್ಕಪ್ಪ ಒಂದು ಅಂಗಡಿಯಲ್ಲಿ 600 ರೂಪಾಯಿ ಕೊಟ್ಟು ಹೊಳೆಯುವ ಒಂದು ಚಿಪ್ ಅಂಟಿಸಿಕೊಂಡು ಬಂದರು, ನನಗೆ ಬಹಳ ಬೇಜಾರಾಯಿತು. ಅದು ನಿಜಕ್ಕೂ ತರಂಗ ತಡೆದರೆ ಫೋನ್ ಟವರ್ ಸಿಗದೆ ಇನ್ನೂ ಜೋರಾಗಿ ಕೂಗುತ್ತದೆ. ತಡೆಯದಿದ್ದರೆ ದುಡ್ಡು ಹೋಯಿತು. ಕಬ್ಬಿಣದ ಕವರ್ ಕೂಡ ಹೀಗೇ. 2021ರ ಡಿಸೆಂಬರಿನಲ್ಲಿ ನೆದರ್‌ಲ್ಯಾಂಡ್ಸ್ ಸರ್ಕಾರ, 5ಜಿ ತಡೆಯುತ್ತದೆ ಅಂತ ಮಾರುತ್ತಿದ್ದ ಪದಕ, ಬಳೆಯಂಥ ಹತ್ತು ವಸ್ತುಗಳನ್ನು ಪರೀಕ್ಷಿಸಿ, ಅವೇ ವಿಕಿರಣ ಸೂಸುತ್ತಿವೆ, ಧರಿಸಬೇಡಿ ಅಂತ ಎಚ್ಚರಿಸಿತು. ಅದು ಫೋನಿನ ತರಂಗದ ಜಾತಿಯದಲ್ಲ, ಡಿಎನ್‌ಎ ಮುರಿಯುವ ಜಾತಿಯದು. ಮಕ್ಕಳಿಗೆ ಅಂತ ಮಾಡಿದ ಬಳೆಯೂ ಅದರಲ್ಲಿತ್ತು.

ಬೈಕ್ ಮೇಲೆ

ಈ ಬರಹದಲ್ಲಿ ಹೇಳಿದ ಎಲ್ಲ ಅಪಾಯಗಳಲ್ಲಿ ಖಚಿತವಾಗಿ ಜನರನ್ನು ಕೊಲ್ಲುತ್ತಿರುವುದು ಇದೊಂದೇ. ಗಾಡಿ ಓಡಿಸುತ್ತಾ ಫೋನ್ ಬಳಸುವವರಿಗೆ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೈಯಲ್ಲಿ ಹಿಡಿದರೂ ಅಷ್ಟೇ, ಬ್ಲೂಟೂತ್ ಹಾಕಿದರೂ ಹೆಚ್ಚು ವ್ಯತ್ಯಾಸ ಇಲ್ಲ, ಯಾಕೆಂದರೆ ಗಮನ ಹೋಗುವುದು ಮಾತಿನ ಕಡೆಗೆ. ಹೆಲ್ಮೆಟ್ ಸಂದಿಗೆ ಫೋನ್ ಸಿಕ್ಕಿಸಿಕೊಂಡು, ತಲೆ ಓರೆ ಮಾಡಿಕೊಂಡು ಹೋಗುವವರನ್ನು ಕಂಡಾಗಲೆಲ್ಲ ನಿಲ್ಲಿಸಿ ಹೇಳಬೇಕು ಅನಿಸುತ್ತದೆ. ಇಲ್ಲಿ ಸ್ಪೀಕರಾ ಇಯರ್‌ಫೋನಾ ಅನ್ನುವ ಹೋಲಿಕೆಯೇ ಇಲ್ಲ. ಫೋನ್ ಬಂದರೆ ಪಕ್ಕಕ್ಕೆ ನಿಲ್ಲಿಸಿ, ಗಾಡಿ ಆಫ್ ಮಾಡಿ, ಆಮೇಲೆ ಮಾತಾಡಿ. ಊರಲ್ಲಿರುವವರಿಗೂ ಹೇಳಿಡಿ, ನಾನು ಎತ್ತದಿದ್ದರೆ ದಾರಿಯಲ್ಲಿದ್ದೇನೆ, ನಿಂತ ಮೇಲೆ ನಾನೇ ಮಾಡುತ್ತೇನೆ ಅಂತ.